ಎಲೆಯ ಮೇಲಿನ ಕೈ

ಏಕಾಂತಮ್ಮ ತುಪ್ಪದ ಗಿಂಡಿ ಬಗ್ಗಿಸುವಷ್ಟರಲ್ಲಿ ದುರ್ಗೇಶ್ ಹೋಳಿಗೆಯ ಮೇಲೆ ಕೈ ಅಡ್ಡ ಹಿಡಿದ.

"ಬ್ಯಾಡಮ್ಮ."

"ಶಾಸ್ತ್ರಕ್ಕೆ ಒಂದು ಚಮಚ."

"ಬ್ಯಾಡ್ರಿ."

ಮದುವೆಯ ಮಾತುಕತೆಗೆಂದು ಹೊರಕೆರೆದೇವಪುರದಿಂದ ಹೊಸದುರ್ಗಕ್ಕೆ ಬಂದಿದ್ದ ದುರ್ಗೇಶನ ಕಡೆಯವರೆಲ್ಲ ತಲೆ ತಗ್ಗಿಸಿ ಉಂಡರು. "ಫೋನ್ ಮಾಡ್ತೀವಿ" ಎಂದು ಎದ್ದುಹೋದರು.

"ಹೆಣ್ಣಿನ ಮನೆ ತುಪ್ಪ ಬ್ಯಾಡ ಅಂದ್ರೆ ಹೆಣ್ಣೇ ಬ್ಯಾಡ ಅಂದಂಗೆ ಕಣಕ್ಕ," ಎಂದ ಹೆಣ್ಣಿನ ಸೋದರಮಾವ ಕೆಂಚಪ್ಪ. ಏಕಾಂತಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಮಗಳು ಅನುಪಮಾಗೆ ನೋವಾದದ್ದು ತುಪ್ಪಕ್ಕಲ್ಲ. ಊಟಕ್ಕೆ ಮುಂಚೆ ಅವಳು ದುರ್ಗೇಶನಿಗೆ ಕಾಫಿ ಕೊಡುವಾಗ ಲೋಟ ಸುಡುತ್ತಿತ್ತು. ಅವನು ಕರವಸ್ತ್ರ ಸುತ್ತಿ ಹಿಡಿದು, ಯಾರಿಗೂ ಕೇಳದಂತೆ, "ಬಿಡ್ರಿ, ಕೈ ಸುಡ್ತೈತೆ" ಅಂದಿದ್ದ. ಆ ಒಂದು ಮಾತಿಗೆ ಅವಳು ಮನಸ್ಸಿನಲ್ಲೇ ಹೂಂ ಅಂದುಬಿಟ್ಟಿದ್ದಳು. ಅಂಥವನೇ ಬೇಡವೆಂದನೇ?

ಆ ನೋವಿನಲ್ಲಿ ಅವಳು ಆಡಬಾರದ್ದನ್ನು ಆಡಿದಳು.

"ಹೋಗ್ಲಿ ಬಿಡಮ್ಮ. ಎಲೆ ಮೇಲೆ ಹಿಡಿದ ಕೈ ನೋಡಿದ್ಯಾ? ಗೆಣ್ಣಿನ ಮೇಲೆಲ್ಲ ಗಂಟು. ಅದು ಕೊಲೆಸ್ಟ್ರಾಲ್ ಗಂಟು. ಅವರ ವಂಶದ ರಕ್ತದಾಗೇ ಐತೆ. ಅಂಥ ಮನೆ ಗಂಡಸ್ರು ನಲವತ್ತು ದಾಟೋದೇ ಕಷ್ಟ."

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿದವಳ ಮಾತು, ತಾಯಿ ನಂಬಿದರು. ಅಳುವುದನ್ನು ನಿಲ್ಲಿಸಿ ಹಿರೇಗುಂಟನೂರಿನ ತಂಗಿಗೆ ಫೋನ್ ಮಾಡಿದರು.

ಇಪ್ಪತ್ತು ದಿನ ಕಳೆದ ಮೇಲೆ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ದುರ್ಗೇಶ್ ನಿಂತಿದ್ದ. ಜೊತೆಗೆ, ಮಾತುಕತೆಯ ದಿನ ಬಂದಿರದ ತಂಗಿ ಯಮುನಾ. ಅನುಪಮಾಳನ್ನು ಕಂಡು ಅವನು ಗಲಿಬಿಲಿಗೊಂಡ. ಅವಳ ಕೆಲಸ ಇದೇ ಲ್ಯಾಬಿನಲ್ಲೆಂದು ಅವನಿಗೆ ಗೊತ್ತಿರಲಿಲ್ಲ.

"ಕುಂತ್ಕಳ್ರಿ," ಎಂದಳು. ಯಮುನಾಳ ತೋಳಿಗೆ ಪಟ್ಟಿ ಬಿಗಿದಳು. "ಏನೂ ತಿಂದಿಲ್ಲ ತಾನೆ?"

"ತಿನ್ನಾಕೆ ಮನಸ್ಸಾದ್ರೂ ಎಲ್ಲೈತ್ರಿ?" ಎಂದಳು ಯಮುನಾ. "ನಂಗೆ ಹಿರೇಗುಂಟನೂರಿನ ಸಂಬಂಧ ಗಟ್ಟಿಯಾಗಿತ್ತು. ನಿಮ್ಮ ಮನೆ ರಕ್ತ ಸರಿ ಇಲ್ಲ ಅಂತ ಬಿಟ್ರು. ಯಾರೋ ಹೊಸದುರ್ಗದೋರು ಹೇಳಿದ್ರಂತೆ."

ಅನುಪಮಾಳ ಸೂಜಿ ನರ ತಪ್ಪಿತು. ಆರು ವರ್ಷದಲ್ಲಿ ಹೀಗಾಗಿದ್ದು ಇದೇ ಮೊದಲು.

"ನಿಧಾನಕ್ಕೆ ಮಾಡ್ರಿ," ಎಂದ ದುರ್ಗೇಶ್. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಹೇಳಿದ್ದು ನಾನೇ," ಎಂದಳು.

ಯಮುನಾ ಅವಳ ಮುಖವನ್ನೇ ನೋಡಿದಳು. "ಮೊದ್ಲು ಸೂಜಿ ತೆಗೀರಿ. ಆಮೇಲೆ ಬೈತೀನಿ."

ರಕ್ತ ಕೊಟ್ಟು ಯಮುನಾ ಬಸ್‌ಸ್ಟ್ಯಾಂಡಿಗೆ ನಡೆದಳು. ಬೈಯಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ದುರ್ಗೇಶ್ ಹೊರಗಿನ ಬೆಂಚಿನಲ್ಲಿ ಕುಳಿತೇ ಇದ್ದ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಕಡ್ಡಿಯಂಥ ಮೈ. ಎರಡೂ ಕೈ ಜೇಬಿನಲ್ಲಿ.

"ನಮ್ಮಪ್ಪಂಗೆ ನಲವತ್ತೊಂದು," ಎಂದ. "ತೋಟದಾಗೆ ಕುಂತೋರು ಏಳಲಿಲ್ಲ. ಹೋಗಿದ್ದು ಹೃದಯ ನಿಂತು, ಊರಿಗೆ ಹಾವು ಕಡೀತು ಅಂತ ಹೇಳಿದ್ವಿ. ಅಜ್ಜಂಗೂ ಹಿಂಗೇ. ನಾನು ದಿನಾ ಓಡ್ತೀನಿ, ಎಣ್ಣೆ ಮುಟ್ಟಲ್ಲ, ಆದ್ರೂ ರಿಪೋರ್ಟ್‌ನಾಗೆ ಕೊಲೆಸ್ಟ್ರಾಲ್ ಮುನ್ನೂರರ ಮೇಲೆ. ಹುಟ್ಟುತ್ತಲೇ ಬಂದಿದ್ದು ಅಂದ್ರು ಡಾಕ್ಟ್ರು. ಅವತ್ತು ನಿಮ್ಮ ಮನೇಲಿ ಹೇಳಬೇಕಿತ್ತು. ನಾಚಿಕೆಯಾಗಿ ಬಾಯಿ ಬರಲಿಲ್ಲ, ಆಮೇಲೆ ಫೋನ್ ಮಾಡಾಕೂ ಧೈರ್ಯ ಆಗಲಿಲ್ಲ."

"ನನ್ನ ಬ್ಯಾಡ ಅಂದ್ರಿ ಅಂತ..."

"ತುಪ್ಪ ಬ್ಯಾಡ ಅಂದೆ ಕಣ್ರಿ." ಅವನು ತಲೆ ಎತ್ತಿ ಅವಳತ್ತ ನೋಡಿದ. "ನಿಮ್ಮನ್ನ ಯಾವಾಗ ಬ್ಯಾಡ ಅಂದೆ?"

ಅವನು ಬೈದಿದ್ದರೆ ಅವಳಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಭಾನುವಾರ ಅವಳೊಬ್ಬಳೇ ಹಿರೇಗುಂಟನೂರಿನ ಗಂಡಿನ ಮನೆಗೆ ಹೋದಳು. "ಅದು ನಾನು ಸಿಟ್ಟಿಗೆ ಅಂದ ಮಾತು. ಕಾಯಿಲೆ ನಿಜ, ಆದ್ರೆ ಮೊದಲೇ ತಿಳಿದು ದಿನಾ ಮಾತ್ರೆ ತಗಂಡ್ರೆ ಹೃದಯ ಕಾಪಾಡಬಹುದು," ಎಂದಳು. ಗಂಡಿನ ತಂದೆ ಪರಮೇಶ್ವರಪ್ಪ, "ಆತು, ಕೇಳಿದ್ವಿ" ಎಂದು ಒಳಗೆ ಹೋದರು. ನೀರು ಬೇಕೇ ಎಂದೂ ಯಾರೂ ಕೇಳಲಿಲ್ಲ. ಆ ಸಂಬಂಧ ಮತ್ತೆ ಕೂಡಲಿಲ್ಲ.

ಯಮುನಾಳ ರಿಪೋರ್ಟನ್ನು ತಾನೇ ಅವರ ಮನೆಗೆ ಒಯ್ದಳು. ಅವಳಿಗೂ ಅದೇ ಕಾಯಿಲೆ ಇತ್ತು. ಯಮುನಾ ಹಾಳೆಯನ್ನು ಎರಡು ಸಲ ಓದಿದಳು. "ಮಾತ್ರೆ ರಾತ್ರಿನಾ, ಬೆಳಿಗ್ಗೆನಾ?" ಎಂದು ಮಾತ್ರ ಕೇಳಿದಳು. ಆಮೇಲೆ ಒಂದು ಲೋಟ ಮಜ್ಜಿಗೆ ತಂದು, ಕೈಗೆ ಕೊಡದೆ, ಪಕ್ಕದಲ್ಲಿಟ್ಟು ಹೋದಳು. ಉಪ್ಪು ಸರಿಯಾಗಿತ್ತು.

ಬಸ್ಸಿನವರೆಗೆ ದುರ್ಗೇಶ್ ಬಂದ. "ಇನ್ನೊಂದು ಹೇಳಬೇಕು. ಹುಟ್ಟೋ ಮಕ್ಕಳಿಗೂ ಅರ್ಧಕ್ಕರ್ಧ ಬರೋದುಂಟು."

"ಬಂದ್ರೆ ರಕ್ತ ತೆಗೆಯಾಕೆ ಮನೇಲೇ ಒಬ್ಬಳಿರ್ತಾಳಲ್ಲ," ಎಂದುಬಿಟ್ಟಳು. ಆಡಿದ್ದೇನೆಂದು ಹೊಳೆದಾಗ ಕಿವಿಯವರೆಗೆ ಕೆಂಪಾದಳು. ಬಸ್ಸು ಬಂದಿರಲಿಲ್ಲ, ಓಡಿಹೋಗಲು ಜಾಗವೂ ಇರಲಿಲ್ಲ. ಅವನು ನಗುತ್ತ ರಸ್ತೆ ನೋಡಿದ.

ತಿಂಗಳ ಮೇಲೆ ಏಕಾಂತಮ್ಮನ ನಡುಮನೆಯಲ್ಲಿ, ಮದುವೆ ಗಟ್ಟಿ ಮಾಡುವ ಊಟಕ್ಕೆ, ಮತ್ತೆ ಎಲೆ ಬಿತ್ತು. ಅನುಪಮಾ ತಾಯಿಗೆ ಎಲ್ಲ ಹೇಳಿದ್ದಳು. ಏಕಾಂತಮ್ಮ ಗಿಂಡಿಯನ್ನು ಒಳಗೇ ಇಟ್ಟಿದ್ದರು. ಆದರೆ ಕೆಂಚಪ್ಪನೇ ಹೋಗಿ ತಂದ.

"ಒಂದು ತೊಟ್ಟಿಗೆ ಏನಾಗ್ತೈತೆ ಅಳಿಯಂದಿರೇ? ಹೋದ ಸಲದ ಅಪಶಕುನ ಹೋಗ್ಲಿ."

ದುರ್ಗೇಶ್ ಕೈ ಎತ್ತಿದ. ಎಲ್ಲರ ಕಣ್ಣೂ ಆ ಗೆಣ್ಣುಗಳ ಮೇಲೆ ಬಿದ್ದವು. ಕೈ ಹಾಗೇ ಕೆಳಗಿಳಿದು ಪಂಚೆಯ ಮಡಿಕೆಯಲ್ಲಿ ಅಡಗಿತು. ಗಿಂಡಿ ಬಗ್ಗಿತು.

ಬಡಿಸುತ್ತಿದ್ದ ಅನುಪಮಾ ಮಂಡಿಯೂರಿ ಅವನ ಎಲೆಯ ಮೇಲೆ ತನ್ನ ಕೈ ಹಿಡಿದಳು. ಬಿಸಿ ತುಪ್ಪ ಬೆರಳ ಮೇಲೆ ಸುರಿಯಿತು.

"ಇವರಿಗೆ ಬ್ಯಾಡ ಮಾವ."

ಕೆಂಚಪ್ಪ ಗಿಂಡಿ ನೆಟ್ಟಗೆ ಮಾಡಿದ.

ಮೊದಲು ಬಾಯಿ ತೆರೆದವಳು ಯಮುನಾ. "ಆತು ಬಿಡ್ರಿ. ಅತ್ತಿಗೆ ಆಗೋರು ಒಂದ್ಸಲಕ್ಕೇ ನರ ಹುಡುಕಾದು ಕಲೀಲಿ, ಅಷ್ಟೇ ಸಾಕು."

ಅನುಪಮಾ ತಲೆ ಎತ್ತಲಿಲ್ಲ. ಅತ್ತಿಗೆ ಎಂದು ಕರೆಸಿಕೊಳ್ಳುವ ಯೋಗ್ಯತೆ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಪಂಚೆಯ ಮಡಿಕೆಯಿಂದ ದುರ್ಗೇಶನ ಕೈ ಮೆಲ್ಲಗೆ ಹೊರಬಂತು. ಎಲ್ಲರೂ ನೋಡುತ್ತಿದ್ದಂತೆಯೇ ಕರವಸ್ತ್ರ ಬಿಚ್ಚಿ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದ.

"ಸುಡ್ತಾ?" ಎಂದ.