ಪೇಸ್ಟ್ ಮಾಡಿದರೆ ಮೆಟ್ಟಿಲು

ಬರೀ ಉಸಿರು ಊದಿ ಕೀಬೋರ್ಡ್ ನಡೆಸಬಲ್ಲ ಮನುಷ್ಯ ಇಡೀ ಭೂಮಂಡಲದಲ್ಲಿ ನಾನೊಬ್ಬನೇ. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಕೆಟ್ಟು ಕೂತ ಸರ್ವರುಗಳು ಎದ್ದು ಕೆಲಸ ಶುರುಮಾಡುತ್ತವೆ. ನಂಬದವರು ಬಸ್ ವೇಳಾಪಟ್ಟಿ ಆಫೀಸಿನ ಎರಡನೇ ಮಹಡಿಗೆ ಹೋಗಿ, ಕಿಟಕಿ ಪಕ್ಕದ ಮೇಜಿನವಳನ್ನು ಕೇಳಲಿ. ಬೇಡ, ಅವಳನ್ನು ಮಾತ್ರ ಕೇಳಬೇಡಿ.

ಬಸ್ಸುಗಳ ಹೊಸ ಸಮಯವನ್ನು ಕಾಪಿ ಮಾಡಿ ಸರ್ವರಿನ ಫೈಲಿಗೆ ಪೇಸ್ಟ್ ಮಾಡುವುದು ಅವಳ ಕೆಲಸ. ನಿಲ್ದಾಣದ ಬೋರ್ಡುಗಳು ಅದನ್ನೇ ತೋರಿಸುತ್ತವೆ. ಫೈಲು ತಿದ್ದಲು ಅವಳದು ಮೌಸ್ ಬೇಡದ, ಕೀ ಒತ್ತಿಯೇ ಎಲ್ಲ ನಡೆಸುವ, ಕಪ್ಪು ಪರದೆಯ ಟರ್ಮಿನಲ್ ಎಡಿಟರ್. ಅದರಲ್ಲಿ ಅವಳ ಬೆರಳು ಓಡುವುದನ್ನು ನೋಡಲು ಹದಿನಾಲ್ಕು ದೇಶಗಳ ರಾಜಕುಮಾರರು ಕ್ಯೂ ನಿಂತಿದ್ದರು. ನಾನೇ ಅಟ್ಟಿ ಓಡಿಸಿದೆ.

ಆ ಆಫೀಸಿನ ಕಂಪ್ಯೂಟರ್ ರಿಪೇರಿ ನನ್ನದು, ಅದಕ್ಕೇ ಅವಳ ಬಾಯಲ್ಲಿ ನಾನು ಡಾಕ್ಟ್ರು. ಒಂದು ಬೆಳಿಗ್ಗೆ ಅವಳು ಕುರ್ಚಿ ತಿರುಗಿಸಿದಳು.

"ರೀ ಡಾಕ್ಟ್ರೇ, ಇಲ್ನೋಡಿ. ಈ ಹೊಸ ಕಂಪ್ಯೂಟರಲ್ಲಿ ಪೇಸ್ಟ್ ಮಾಡಿದ್ರೆ ಸಾಲೆಲ್ಲ ಮೆಟ್ಟಿಲು ಇಳೀತಿವೆ."

ನಿಜ. ಒಂದೊಂದು ಸಾಲೂ ಹಿಂದಿನದಕ್ಕಿಂತ ಬಲಕ್ಕೆ ಸರಿದು, ಕೊನೆಯದು ಪರದೆಯಾಚೆ ಬಿದ್ದಿತ್ತು.

"ಇದು ಪೇಸ್ಟು ಅಂತ ಎಡಿಟರಿಗೆ ಗೊತ್ತಿಲ್ಲ," ಎಂದೆ. "ಯಾರೋ ಟೈಪ್ ಮಾಡ್ತಿದಾರೆ ಅಂದ್ಕೊಂಡು, ಸಹಾಯಕ್ಕೆ ಅಂತ ಪ್ರತಿ ಸಾಲಿಗೂ ತಾನೇ ಜಾಗ ಬಿಡುತ್ತೆ."

"ಕೇಳದೆ ಸಹಾಯ ಮಾಡೋರು ನಂಗೆ ಆಗಲ್ಲ." ಕಣ್ಣಂಚಿನಲ್ಲೇ ನೋಡಿ ಸೇರಿಸಿದಳು, "ನಿಮ್ಮನ್ನ ಬಿಟ್ಟು."

ನಾನು ಎಡಗೈಯಿಂದ ಪರದೆ ಮರೆಮಾಡಿ, ಬಲಗೈಯಿಂದ ಏನೋ ಒತ್ತಿದೆ. ಸಾಲುಗಳು ಶಿಸ್ತಾಗಿ ನಿಂತವು.

"ಏನ್ ಮಾಡಿದ್ರಿ?"

"ಏಳು ವರ್ಷದ ತಪಸ್ಸು. ಹೇಳಿಕೊಡೋಕೆ ಬರಲ್ಲ."

ಮರುದಿನ ಫೈಲ್ ತೆರೆದು ಪೇಸ್ಟ್ ಮಾಡಿದಾಗ ಮತ್ತೆ ಮೆಟ್ಟಿಲು. ಹೀಗೆ ಮುನ್ನೂರು ಬೆಳಿಗ್ಗೆ ಅವಳ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಬಾಗಿದ್ದೇನೆ. ಅವಳ ಕಿವಿಯ ಪಕ್ಕದ ಒಂದು ಕೂದಲು ಮಾತ್ರ ಯಾವ ಕಮಾಂಡಿಗೂ ನೇರವಾಗಲಿಲ್ಲ.

ಆಮೇಲೊಂದು ದಿನ ನನಗೆ ಬಸ್ ತಪ್ಪಿತು. ಆಫೀಸಿಗೆ ಬಂದಾಗ ಅವಳ ಅಕ್ಕ, ಅಂದರೆ ಆಫೀಸಿನ ಯಜಮಾನಿ, ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಬೋರ್ಡು ಇಪ್ಪತ್ತು ನಿಮಿಷ ಲೇಟು! ಸಾಕು ಪುಟ್ಟಿ, ಈ ಕರಿ ಪರದೆ ಇವತ್ತೇ ತೆಗೆಸ್ತೀನಿ. ಎಲ್ಲರ ಹಾಗೆ ಮೌಸ್ ಹಿಡಿ. ನಿನ್ನ ಮೇಜೂ ಕೆಳಗೆ, ನನ್ನ ಕಣ್ಣೆದುರಿಗೆ."

"ತೆಗೆಸು. ಜೊತೆಗೆ ನನ್ನ ಹೆಸರನ್ನೂ ಹಾಜರಿ ಪುಸ್ತಕದಿಂದ ತೆಗೆಸು." ಅವಳು ಕೂತಲ್ಲಿಂದ ಏಳಲಿಲ್ಲ. "ಆರು ವರ್ಷ ಬೆರಳಿಗೆ ಕಲಿಸಿದ್ದನ್ನ ನಿನ್ನ ಸಿಟ್ಟಿಗೋಸ್ಕರ ಮರೆಸಲ್ಲ ಅಕ್ಕ."

ಅಕ್ಕ ನನ್ನತ್ತ ತಿರುಗಿದರು. "ಏನ್ರೀ, ಈ ಮೆಟ್ಟಿಲಿನ ಕಾಯಿಲೆಗೆ ಒಂದೇ ಸಲಕ್ಕೆ ವಾಸಿಯಾಗೋ ಮದ್ದು ಇದೆಯೋ ಇಲ್ವೋ?"

ಇಲ್ಲ ಅಂದರೆ ಅವಳ ಎಡಿಟರ್ ಹೋಗುತ್ತದೆ, ಬಹುಶಃ ಅವಳೂ. ಇದೆ ಅಂದರೆ ನನ್ನ ಬೆಳಿಗ್ಗೆಗಳು ಹೋಗುತ್ತವೆ. ಅವಳು ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

"ಇದೆ," ಎಂದೆ. "ಎಡಿಟರಿನ ಸೆಟಿಂಗ್ಸ್ ಫೈಲಿನಲ್ಲಿ ಒಂದೇ ಸಾಲು ಸೇರಿಸಬೇಕು. ಆಮೇಲೆ ಎಫ್-ಟೂ ಕೀ ಒತ್ತಿ ಇದು ಪೇಸ್ಟು ಅಂತ ತಿಳಿಸಬೇಕು, ಪೇಸ್ಟ್ ಮಾಡಬೇಕು, ಮತ್ತೆ ಎಫ್-ಟೂ ಒತ್ತಬೇಕು. ಅಷ್ಟೇ."

"ಮತ್ತೆ ಇಷ್ಟು ದಿನ?" ಎಂದರು ಅಕ್ಕ.

"ಆ ದಿನದ ಮಟ್ಟಿಗೆ ಮಾತ್ರ ಸರಿಮಾಡ್ತಿದ್ದೆ. ನಾಳೆ ಮತ್ತೆ ಕರೀಲಿ ಅಂತ."

ಅವಳು ಪರದೆಯನ್ನು ನನ್ನತ್ತ ತಿರುಗಿಸಿದಳು. ಸೆಟಿಂಗ್ಸ್ ಫೈಲಿನ ಆ ಸಾಲು ಅಲ್ಲಿ ಆಗಲೇ ಇತ್ತು.

"ಬೆಳಿಗ್ಗೆ ನೀವು ಬರಲಿಲ್ವಲ್ಲ, ನಾನೇ ಹುಡುಕಿದೆ. ಇಪ್ಪತ್ತು ನಿಮಿಷ ಹಿಡೀತು. ಎಡಿಟರಿನ ಹೆಲ್ಪ್ ಪುಟದಲ್ಲೇ ಇತ್ತು ನಿಮ್ಮ ಏಳು ವರ್ಷದ ತಪಸ್ಸು. ಬಾಯಿ ಬಿಡ್ತೀರೋ ಇಲ್ವೋ ನೋಡೋಣ ಅಂತ ಸುಮ್ನಿದ್ದೆ."

ನನ್ನ ಕಿವಿ ಕಾದುಹೋಯಿತು.

"ಅಕ್ಕ, ಎಡಿಟರೂ ಇಲ್ಲೇ ಇರುತ್ತೆ, ಮೇಜೂ ಇಲ್ಲೇ ಇರುತ್ತೆ," ಎಂದಳು. ಗಲ್ಲವೆತ್ತಿ ನನ್ನನ್ನು ತೋರಿಸಿದಳು. "ಇವರೂ. ನಾಳೆಯಿಂದ ಏನೂ ಕೆಡದೇ ಇದ್ರೂ ಬರ್ಬೇಕು. ಬರ್ತೀರಾ?"

ಬರುತ್ತೇನೆ ಎಂದೆ. ಇನ್ನು ನಿಮ್ಮೆದುರೂ ನಿಜ ಹೇಳಿಬಿಡುತ್ತೇನೆ. ಉಸಿರಿನಿಂದ ಕೀಬೋರ್ಡ್ ನಡೆಯುವುದಿಲ್ಲ, ಧೂಳು ಹಾರುತ್ತದೆ ಅಷ್ಟೆ. ಮುನ್ನೂರು ಬೆಳಿಗ್ಗೆಯಲ್ಲ, ಹನ್ನೊಂದು. ರಾಜಕುಮಾರರು ಯಾರೂ ಬಂದಿರಲಿಲ್ಲ. ಕ್ಯೂನಲ್ಲಿ ನಿಂತಿದ್ದವನು ನಾನೊಬ್ಬನೇ.