ಅಜ್ಜನ ಲಿಫ್ಟ್

"ಡೋರ್ ಕ್ಲೋಸ್! ಲಿಫ್ಟ್ ಹೊರಟಿತು!"

ಮೊಮ್ಮಗಳು ಗುಬ್ಬಿಯನ್ನು ಬೆನ್ನ ಮೇಲೆ ಹೊತ್ತು ಅಜ್ಜ ಮೆಟ್ಟಿಲು ಹತ್ತತೊಡಗಿದ. ಅವಳು ಶಾಲೆಯ ಜಾರುಬಂಡೆಯಿಂದ ಹಾರಿ ಕಾಲು ಮುರಿದುಕೊಂಡ ಮೇಲೆ ಇದು ದಿನದ ಕೆಲಸ. ಮನೆ ಮೂರನೇ ಮಹಡಿಯಲ್ಲಿ. ಅಮ್ಮ ನಸುಕಿನಲ್ಲೇ ಬೇಕರಿ ಕೆಲಸಕ್ಕೆ ಹೊರಡುತ್ತಾಳೆ. ಅಜ್ಜ ಹೊರದಿದ್ದರೆ ಗುಬ್ಬಿಗೆ ಶಾಲೆಯೇ ಇಲ್ಲ.

"ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದೆ. ನನ್ನ ಮನೆಗೇ ಲಿಫ್ಟ್ ಇಲ್ಲ ನೋಡು!" ಎಂದು ಅಜ್ಜ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ.

ಇವತ್ತು ಎರಡನೇ ಮಹಡಿಯಲ್ಲಿ ಲಿಫ್ಟ್ ನಿಂತೇಬಿಟ್ಟಿತು.

"ಪವರ್ ಕಟ್!" ಎಂದು ಅಜ್ಜ ಕುಳಿತ. ಗುಬ್ಬಿ ಕಿಸಕ್ಕನೆ ನಕ್ಕಳು. ಆಮೇಲೆ ಅವನ ಮುಖ ನೋಡಿದಳು. ಬೆವರು ಸುರಿಯುತ್ತಿತ್ತು. ಎರಡೂ ತೊಡೆಗಳನ್ನು ಒತ್ತಿಕೊಳ್ಳುತ್ತಿದ್ದ.

"ನೋವಾ ಅಜ್ಜ?"

"ಸ್ವಲ್ಪ. ಅಮ್ಮಂಗೆ ಹೇಳ್ಬೇಡ ಕಣೇ. ಲಿಫ್ಟ್ ಬಂದ್ ಮಾಡಿಸಿಬಿಡ್ತಾಳೆ."

ಎಲ್ಲ ತನ್ನ ಭಾರದಿಂದಲೇ ಎಂದು ಗುಬ್ಬಿಗೆ ಅಳು ಬಂತು. ಪ್ಲಾಸ್ಟರ್ ಬಿಚ್ಚಿಡಲು ಆಗುವುದಿಲ್ಲ. ಬ್ಯಾಗ್ ಹಗುರ ಮಾಡಬಹುದಲ್ಲ? ಮರುದಿನ ಗಣಿತದ ಪುಸ್ತಕ ಮಂಚದಡಿ ಸೇರಿತು. ಅದರ ಮಾರನೇ ದಿನ ವಿಜ್ಞಾನ, ಆಮೇಲೆ ಇಂಗ್ಲಿಷ್.

"ನಿಂದು ಮುರಿದಿದ್ದು ಕಾಲಾ, ಪುಸ್ತಕಾನಾ?" ಎಂದು ಟೀಚರ್ ಬೈದರು. ಕ್ಲಾಸೆಲ್ಲ ನಕ್ಕಿತು. ಗುಬ್ಬಿ ಮಾತ್ರ ಪುಸ್ತಕಗಳನ್ನು ಮಂಚದಡಿಯಿಂದ ತೆಗೆಯಲಿಲ್ಲ.

ಇಷ್ಟಾದರೂ ಅಜ್ಜನ ನೋವು ಇಳಿಯಲಿಲ್ಲ.

ಭಾನುವಾರ ಅಮ್ಮ ಕಸ ಗುಡಿಸುವಾಗ ಪೊರಕೆಯ ಜೊತೆ ಪುಸ್ತಕಗಳೂ ಹೊರಬಂದವು.

"ಏನೇ ಇದು?"

ಗುಬ್ಬಿ ಬಿಕ್ಕಿ ಬಿಕ್ಕಿ ಅತ್ತು ಎಲ್ಲ ಹೇಳಿದಳು. ಸಮಾಧಾನ ಮಾಡಲೆಂದು ಅಜ್ಜ ಕುರ್ಚಿಯಿಂದ ಏಳಹೋದ. "ಅಯ್ಯಮ್ಮಾ" ಎಂದು ಮತ್ತೆ ಕುಳಿತುಬಿಟ್ಟ. ಅಮ್ಮ ಪೊರಕೆ ಕೆಳಗಿಟ್ಟಳು. ಮರುದಿನವೇ ಇಬ್ಬರನ್ನೂ ಡಾಕ್ಟರ್ ಹತ್ತಿರ ಕರೆದೊಯ್ದಳು.

"ಏನಿಲ್ಲ ಡಾಕ್ಟ್ರೇ, ಇವಳನ್ನ ಹೊತ್ತು ಕಾಲು ಹಿಡ್ಕೊಂಡಿದೆ, ಅಷ್ಟೇ" ಎಂದ ಅಜ್ಜ. ಗುಬ್ಬಿ ತಲೆ ತಗ್ಗಿಸಿದಳು.

"ಇವಳನ್ನ ಹೊರದ ದಿನ ನೋವು ಕಮ್ಮಿನಾ?" ಎಂದು ಡಾಕ್ಟರ್ ಕೇಳಿದರು.

ಗುಬ್ಬಿ ತಲೆ ಎತ್ತಿದಳು.

"ಇಲ್ಲ! ನಿನ್ನೆ ರಜ, ಹೊತ್ತೇ ಇಲ್ಲ. ಆದ್ರೂ ಕುರ್ಚಿಯಿಂದ ಏಳೋಕಾಗ್ಲಿಲ್ಲ. ಮೊದಮೊದಲು ಹಾಡ್ಕೊಂಡು ಹತ್ತೋನು!"

ಡಾಕ್ಟರ್ ಅಜ್ಜನ ತೊಡೆ ಒತ್ತಿ ನೋಡಿದರು. "ಹೋದ ತಿಂಗಳು ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ದೆ ಅಲ್ವಾ? ಅದರದ್ದೇ ಕೆಲಸ ಇರ್ಬಹುದು. ಒಳ್ಳೆ ಮಾತ್ರೆನೇ, ಹೃದಯ ಕಾಪಾಡುತ್ತೆ. ಆದ್ರೆ ಕೆಲವರಿಗೆ ಹೀಗೆ ಮೈಕೈ ನೋವು ತರುತ್ತೆ. ಎಲ್ಲೋ ಕೆಲವರಿಗೆ ಅಲರ್ಜಿಯಾಗಿ ಗಂಧೆ ಏಳುತ್ತೆ. ಬಂದು ಹೇಳಿದ್ರೆ ಬದಲಾಯಿಸ್ತೀವಿ. ತುಟಿ ಕಚ್ಕೊಂಡು ಕೂತ್ರೆ ನಮಗೆ ಗೊತ್ತಾಗೋದು ಹೇಗೆ?"

"ಹಾಗಾದ್ರೆ ನನ್ನ ಭಾರ ಅಲ್ವಾ?"

"ನಿನ್ನ ಭಾರಾನಾ? ನೀನು ಗುಬ್ಬಿ ಅಲ್ವೇನೇ!" ಎಂದು ಅಜ್ಜ ನಕ್ಕುಬಿಟ್ಟ.

ರಕ್ತಪರೀಕ್ಷೆ ಆಯಿತು. ಡಾಕ್ಟರ್ ಆ ಮಾತ್ರೆ ನಿಲ್ಲಿಸಿದರು. ಅಮ್ಮ ಬೇಕರಿಯಲ್ಲಿ ಕೇಳಿಕೊಂಡು, ತಡವಾಗಿ ಕೆಲಸಕ್ಕೆ ಹೋಗಿ, ತಾನೇ ಗುಬ್ಬಿಯನ್ನು ಹೊತ್ತಳು. ದಿನ ಕಳೆದ ಹಾಗೆ ಅಜ್ಜನ ನೋವು ಇಳಿಯಿತು. ಆಮೇಲೆ ಡಾಕ್ಟರ್ ಬೇರೆ ಮಾತ್ರೆ ಕೊಟ್ಟರು. ಅದು ಅವನಿಗೆ ಒಗ್ಗಿತು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ಅಜ್ಜ ಅಭ್ಯಾಸಬಲದಿಂದ ಮೆಟ್ಟಿಲ ಬಳಿ ಬೆನ್ನು ಬಗ್ಗಿಸಿದ. "ಡೋರ್ ಓಪನ್!"

ಅವನ ಅಂಗಿ ಸೊಂಟದ ಹತ್ತಿರ ಪ್ಲಾಸ್ಟರ್ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಗುಬ್ಬಿ ಅದನ್ನು ಮೆಲ್ಲಗೆ ಮುಟ್ಟಿದಳು.

"ಅಷ್ಟು ನೋವಿದ್ರೂ ಯಾಕಜ್ಜ ಹೊತ್ತೆ?"

"ನಿನ್ನ ಶಾಲೆ ತಪ್ಪಬಾರ್ದಲ್ಲ. ಅದ್ಸರಿ, ನೀನ್ಯಾಕೆ ಟೀಚರ್ ಹತ್ರ ಬೈಸ್ಕೊಂಡೆ?"

ಇಂಥ ಅಜ್ಜ ಸಿಕ್ಕಿದ್ದಕ್ಕೆ ಗುಬ್ಬಿಗೆ ಹೇಳಲಾರದಷ್ಟು ಸಂತೋಷವಾಯಿತು.

"ಲಿಫ್ಟ್‌ಗೆ ಇವತ್ತು ರಜ" ಎಂದು ಅಜ್ಜನ ಕೈ ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತಿದರು.

ಎರಡನೇ ಮಹಡಿಯಲ್ಲಿ ಅಜ್ಜ ನಿಂತ.

"ಪವರ್ ಕಟ್ಟಾ?" ಎಂದಳು ಗುಬ್ಬಿ.

ಅಜ್ಜ ಹೂಂ ಎನ್ನಹೋಗಿ ತಡೆದ. ಅವಳ ಮುಖ ನೋಡಿದ.

"ಇಲ್ಲ ಕಣೇ, ನಂಗೆ ಸುಸ್ತಾಯ್ತು."

"ನಂಗೂ ಕಾಲು ನೋಯ್ತಿದೆ" ಎಂದಳು ಗುಬ್ಬಿ.

ಇಬ್ಬರೂ ಮೆಟ್ಟಿಲ ಮೇಲೆ ಪಕ್ಕಪಕ್ಕದಲ್ಲಿ ಕುಳಿತುಕೊಂಡರು.