ನಾಲ್ಕು ಇಪ್ಪತ್ತರ ಕೆಂಪು ದೀಪ

"ಈಗ ಹೇಗಿದೆ ಮೇಡಂ?"

ಬಾಗಿಲಲ್ಲಿ ನಿಂತವನು ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಎರಡು ಮಹಡಿಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ್ದಾನೆ ಎನ್ನುವುದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

ಟೀಚರ್ ತಿರುಗಿ ಲ್ಯಾಪ್‌ಟಾಪ್ ನೋಡಿದಳು. ಐದು ನಿಮಿಷದ ಹಿಂದೆ ಬಾಯಿ ತೆರೆದುಕೊಂಡು ಕಲ್ಲಾಗಿದ್ದ ಹನ್ನೆರಡು ಮಕ್ಕಳೂ ಈಗ ಆರಾಮಾಗಿ ಕುಣಿದಾಡುತ್ತಿದ್ದರು.

"ಈಗ... ಬಂತು," ಎಂದಳು ಪೆಚ್ಚಾಗಿ.

"ಯಾವಾಗ ಬಂತು?"

"ನೀವು ಬೆಲ್ ಒತ್ತಿದಾಗ."

ಇದು ಆರನೇ ಸಲ. ದಿನಾ ಸಂಜೆ ನಾಲ್ಕಕ್ಕೆ ಕ್ಲಾಸ್ ಶುರು, ನಾಲ್ಕು ಇಪ್ಪತ್ತರ ಸುಮಾರಿಗೆ ಇಂಟರ್ನೆಟ್ ಮಾಯ. ಅವಳು ಕಂಪ್ಲೇಂಟ್ ಕೊಡುವುದು, ಲೈನ್ ರಿಪೇರಿಗೆ ಕಂಪನಿಯಿಂದ ಇವನು ಬರುವುದು, ಇವನು ಹೊಸ್ತಿಲು ದಾಟುವಷ್ಟರಲ್ಲಿ ರೌಟರಿನ ಹಸಿರು ದೀಪ ಸಾಧುವಿನ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿರುವುದು.

"ಡಾಕ್ಟ್ರ ಮುಖ ನೋಡಿದ್ರೆ ಜ್ವರ ಇಳಿಯೋ ರೋಗಿಗಳನ್ನ ನಾನು ಬೇಕಾದಷ್ಟು ನೋಡಿದೀನಿ," ಎಂದಳು ನಿದ್ದೆಯಿಂದೆದ್ದು ಬಂದ ಚಿಕ್ಕಮ್ಮ, ಕಿವಿಯಿಂದ ಹತ್ತಿ ತೆಗೆಯುತ್ತಾ. "ಅವರಿಗೆ ಕಾಯಿಲೆ ಇರ್ತಿರಲಿಲ್ಲಪ್ಪ. ಡಾಕ್ಟ್ರು ಬೇಕಿರ್ತಿದ್ರು, ಅಷ್ಟೆ."

ಚಿಕ್ಕಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಅವಳಿಗೆ ಮಾತಿನಲ್ಲೂ ಸೂಜಿ ಚುಚ್ಚಿ ಅಭ್ಯಾಸ. ಟೀಚರ್ ಕಿವಿಯವರೆಗೂ ಕೆಂಪಾದಳು. ಅವನು ಮಾತ್ರ ಏನೂ ಕೇಳಿಸದವನಂತೆ ಗೋಡೆಯ ಪೆಟ್ಟಿಗೆಗೆ ಮೀಟರ್ ಹಚ್ಚಿ ಅಂಕಿಗಳನ್ನೇ ದಿಟ್ಟಿಸುತ್ತಿದ್ದ. ಅವನ ಕಿವಿಯೂ ಕೆಂಪಾಗಿತ್ತೋ ಏನೋ, ಹೆಲ್ಮೆಟ್ ಇದ್ದದ್ದರಿಂದ ಗೊತ್ತಾಗಲಿಲ್ಲ.

ಅವನು ಏನೇನು ಮಾಡಿರಲಿಲ್ಲ! ಅಡಾಪ್ಟರ್ ಬದಲಿಸಿದ್ದ. ವೈರಿನ ತುದಿ ಕತ್ತರಿಸಿ ಹೊಸದು ಕೂಡಿಸಿದ್ದ. ಹಳೇ ರೌಟರ್ ಒಯ್ದು ಹೊಸದು ತಂದಿದ್ದ. ಮೀಟರ್ ಹಚ್ಚಿದರೆ ವೈರಿನೊಳಗಿನ ಗಾಜಿನೆಳೆಯಲ್ಲಿ ಇಂಟರ್ನೆಟ್ ಹೊತ್ತು ತರುವ ಬೆಳಕು ಬೇಕಾದಷ್ಟು ಬರುತ್ತಿತ್ತು. ಇಲ್ಲಿ ಯಾವ ದೋಷವೂ ಇಲ್ಲ ಎಂದು ಮೀಟರ್ ಪ್ರತಿ ಸಲ ಸಾಕ್ಷಿ ಹೇಳುತ್ತಿತ್ತು.

"ಒಂದು ಕೆಲಸ ಮಾಡಿ," ಎಂದ ಕೊನೆಗೆ. "ಒಂದು ನೋಟ್‌ಬುಕ್ ಇಡಿ. ಲೈನ್ ಹೋದಾಗ ಟೈಮ್ ಬರೀರಿ. ಆಗ ನೀವು ಏನು ಮಾಡ್ತಿದ್ರಿ ಅಂತಾನೂ ಬರೀರಿ. ಮಿಕ್ಸಿ ಹಾಕಿದ್ರಾ, ಲಿಫ್ಟ್ ಓಡ್ತಿತ್ತಾ, ಏನಿದ್ರೂ. ಯಾವುದನ್ನೂ ಬಿಡಬೇಡಿ."

"ಯಾವುದನ್ನೂ?"

"ಯಾವುದನ್ನೂ."

ಅವನು ಹೇಳುವಾಗ ನೇರವಾಗಿ ಅವಳ ಕಣ್ಣನ್ನೇ ನೋಡಿದ. ಟೀಚರ್ ತಟ್ಟನೆ ನೋಟ್‌ಬುಕ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದಳು.

ಬಿಡದೆ ಬರೆಯುವುದಾದರೆ ಬರೆಯಬೇಕಾದ್ದು ಒಂದಿತ್ತು. ನಾಲ್ಕು ಇಪ್ಪತ್ತಕ್ಕೆ ಅವಳು ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು, "ಐದು ನಿಮಿಷ ಟೈಮ್, ಯಾರೂ ಮಾತಾಡೋ ಹಾಗಿಲ್ಲ" ಎನ್ನುತ್ತಿದ್ದಳು. ಆಮೇಲೆ ತುದಿಗಾಲಲ್ಲಿ ಹಾಲಿಗೆ ಹೋಗಿ ಕಿಟಕಿ ತೆಗೆಯುತ್ತಿದ್ದಳು. ಎದುರು ಕಟ್ಟಡದ ಕೆಲಸದ ಸಿಮೆಂಟ್ ಧೂಳಿಗೆ ಹೆದರಿ ಚಿಕ್ಕಮ್ಮ ದಿನವಿಡೀ ಮುಚ್ಚಿಸಿಟ್ಟಿದ್ದ ಕಿಟಕಿ ಅದು. ಬೀದಿಯ ಎಡ ತುದಿಯಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಕಂಬ. ದಿನಾ ಆ ಹೊತ್ತಿಗೆ ಅವನು ಕಂಬದ ಕೆಳಗೆ ಬೈಕ್ ನಿಲ್ಲಿಸಿ, ಸೀಟಿನ ಮೇಲೆ ಅಡ್ಡ ಕೂತು ರಿಪೋರ್ಟ್ ಬರೆಯುತ್ತಿದ್ದ. ಕಿಟಕಿ ಅರ್ಧ ತೆಗೆದರೆ ಅದರ ಬಾಗಿಲೇ ಅಡ್ಡ ಬರುತ್ತಿತ್ತು. ಪೂರ್ತಿ ಗೋಡೆಗೆ ತಾಗುವಷ್ಟು ತಳ್ಳಿದರೆ ಮಾತ್ರ ಅವನು ಕಾಣುತ್ತಿದ್ದ.

ಅರ್ಧ ನಿಮಿಷ. ಅಷ್ಟೇ. ಪೆನ್ನಿನ ತುದಿ ಕಚ್ಚುತ್ತಾ ಅವನು ಯೋಚಿಸುವುದನ್ನು ನೋಡಿ, ಸದ್ದಾಗದಂತೆ ಕಿಟಕಿ ಮುಚ್ಚಿ ಬಂದರೆ ಇಲ್ಲಿ ಮಕ್ಕಳು ಕಲ್ಲಾಗಿರುತ್ತಿದ್ದರು.

ಇಂಥದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದುಂಟೇ? "4:20. ಮಕ್ಕಳು ಭಿನ್ನರಾಶಿ ಮಾಡುತ್ತಿದ್ದರು" ಎಂದು ಬರೆದಳು. ಮೂವತ್ತೆರಡು ವರ್ಷದ ಹೆಂಗಸು, ಒಂಬತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದವಳು!

ಆ ಒಂಬತ್ತು ವರ್ಷದ ಶಾಲೆ ಬಾಗಿಲು ಹಾಕಿತ್ತು. ಹನ್ನೊಂದು ತಿಂಗಳು ಅಲೆದ ಮೇಲೆ ಸಿಕ್ಕಿದ್ದು ಈ ಆನ್‌ಲೈನ್ ಕ್ಲಾಸು, ಅದೂ ಅವಳನ್ನು ಪರೀಕ್ಷಿಸಲೆಂದು ಒಂದು ತಿಂಗಳು. ಕೊನೆಯ ಶುಕ್ರವಾರ ಮೇಲಿನವರೊಬ್ಬರು ಕ್ಲಾಸಿನಲ್ಲಿ ಕೂತು ನೋಡುತ್ತಾರೆ. ಅವತ್ತು ಲೈನ್ ಒಂದು ಸಲ ಹೋದರೆ ಕ್ಷಮಿಸುತ್ತಾರೆ, ಎರಡನೇ ಸಲ ಹೋದರೆ ಕೆಲಸ ಕೈತಪ್ಪಿದ ಹಾಗೆ. ಇದು ಅವನಿಗೂ ಗೊತ್ತಿತ್ತು. ಅದಕ್ಕೇ ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತಿದ್ದ.

ಏಳನೇ ಸಲ, ಸೋಮವಾರ, ಅವನು ಮೀಟರ್ ತೆಗೆಯಲೇ ಇಲ್ಲ. ಟೀವಿ ಹಿಂದೆ ಅವಿತಿದ್ದ ರೌಟರನ್ನು ಕಿತ್ತು ಕಿಟಕಿ ಪಕ್ಕದ ಶೆಲ್ಫಿನ ಮೇಲಿಟ್ಟ. "ಇಲ್ಲಿದ್ರೆ ದೀಪ ನಿಮ್ಮ ಕಣ್ಣಿಗೆ ಬೀಳುತ್ತೆ" ಎಂದ. ಆಮೇಲೂ ಹೋಗದೆ ಸ್ಕ್ರೂಡ್ರೈವರ್ ತಿರುಗಿಸುತ್ತಾ ನಿಂತ.

"ಮೇಡಂ, ತಪ್ಪು ತಿಳೀಬೇಡಿ. ಏಳು ಸಲ ಬಂದೆ, ಏಳು ಸಲಾನೂ ಏನೂ ಸಿಗಲಿಲ್ಲ. ಆಫೀಸಲ್ಲಿ ಸಾರ್ ಕೇಳ್ತಿದಾರೆ... ಆ ಮನೆಯವರು ನಿಜವಾಗ್ಲೂ ಲೈನ್ ಹೋಗಿದ್ದಕ್ಕೇ ಕರೀತಾರಾ ಅಂತ."

"ಅಂದ್ರೆ?"

"ಅಂದ್ರೆ... ಏನಿಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ನಿಮ್ಮನ್ನ ನೋಡೋಕೆ ಸುಳ್ಳು ಕಂಪ್ಲೇಂಟ್ ಕೊಡ್ತೀನಿ ಅಂದ್ಕೊಂಡ್ರಾ?"

ಮಾತು ಬಾಯಿಂದ ಜಾರಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಆಫೀಸಿನ ಸಾರ್ ಎಲ್ಲೂ 'ನಿಮ್ಮನ್ನ ನೋಡೋಕೆ' ಎಂದಿರಲಿಲ್ಲವಲ್ಲ!

ಅವನು ಹೆಲ್ಮೆಟ್ ಕೈಗೆತ್ತಿಕೊಂಡ. "ಹಾಗೆ ಅಂದ್ಕೊಳ್ಳೋಷ್ಟು ಧೈರ್ಯ ನನಗಿಲ್ಲ ಮೇಡಂ" ಎಂದು ಹೊರಟೇ ಹೋದ. ಈ ಸಲ ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತಿದ್ದ ಸದ್ದು ಕೇಳಿಸಿತು.

ಅವಮಾನವಾಗಿತ್ತು. ಇನ್ನು ಆ ಕಡೆ ತಲೆ ಹಾಕಿಯೂ ನೋಡಬಾರದೆಂದು ಹಟ ಹಿಡಿದಳು. ಮಂಗಳವಾರ ಕಿಟಕಿ ತೆಗೆಯಲಿಲ್ಲ. ಲೈನ್ ಹೋಗಲಿಲ್ಲ. ಬುಧವಾರವೂ ತೆಗೆಯಲಿಲ್ಲ. ಆಗಲೂ ಹೋಗಲಿಲ್ಲ.

ಖುಷಿಪಡುವುದು ಬಿಟ್ಟು ಟೀಚರ್ ತಲೆ ಕೆಡಿಸಿಕೊಂಡು ಕೂತಳು. ಜಗಳವಾದ ಮಾರನೇ ದಿನವೇ ಲೈನ್ ಸರಿಹೋಗಿದೆ. ಕಂಬದ ಪೆಟ್ಟಿಗೆಯ ಬೀಗದ ಕೈ ಇರುವುದು ಅವನೊಬ್ಬನ ಹತ್ತಿರ. ಕರೆದ ಐದೇ ನಿಮಿಷಕ್ಕೆ ಬಂದು ನಿಲ್ಲುತ್ತಿದ್ದ. ಅಂದರೆ... ಕೆಳಗೆ ಅವನೇ ವೈರು ಕಿತ್ತು, ಮೇಲೆ ಬರಲು ನೆಪ ಮಾಡಿಕೊಳ್ಳುತ್ತಿದ್ದನಾ? ಈಗ ಮುನಿಸಿಗೆ ಅದನ್ನು ಬಿಟ್ಟನಾ?

ಅನ್ನಕ್ಕೇ ಕಲ್ಲು ಹಾಕುವಂಥ ಕೆಲಸ ಅದು. ಕೆಂಡಾಮಂಡಲ ಕೋಪ ಬರಬೇಕಿತ್ತು. ಬಂತು ಕೂಡ. ಆದರೆ ಕೋಪದ ಬೆನ್ನಿಗೇ ಬೇಡವೆಂದರೂ ಒಂದು ಸಣ್ಣ ನಗುವೂ ಬಂತು. ನನ್ನನ್ನು ನೋಡಲೆಂದೇ ಅಷ್ಟೆಲ್ಲಾ ಮಾಡಿದನೇ? ಛೀ, ಎಂಥ ಯೋಚನೆ! ಅವಳ ತಲೆ ಪೂರ್ತಿ ಮೊಸರು ಗಡಿಗೆಯಾಗಿತ್ತು. ಗುರುವಾರ ಬೆಳಿಗ್ಗೆ ತಡೆಯಲಾರದೆ ಫೋನ್ ಮಾಡಿದಳು.

"ಎರಡು ದಿನದಿಂದ ಲೈನ್ ಹೋಗಿಲ್ಲ."

"ಒಳ್ಳೇದಾಯ್ತಲ್ಲ ಮೇಡಂ."

"ಹೇಗೆ ಸರಿಹೋಯ್ತು?"

"ನಾನೇನೂ ಮಾಡಿಲ್ಲ."

"ಅದೇ ಕೇಳ್ತಿರೋದು. ಮೊದಲು ಏನು ಮಾಡ್ತಿದ್ರಿ?"

ಆ ಕಡೆ ಲಾರಿಯೊಂದು ಹಾದುಹೋಗುವುದು ಕೇಳಿಸಿತು.

"ನಾನೇ ಕೀಳ್ತಿದ್ದೆ ಅಂತೀರಾ? ನಿಮ್ಮ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ?" ಅವನ ದನಿ ಗಟ್ಟಿಯಾಗಲಿಲ್ಲ, ಇನ್ನೂ ಮೆತ್ತಗಾಯಿತು. "ಸೋಮವಾರದಿಂದ ನಿಮ್ಮ ಬೀದಿಗೆ ಬೇರೆಯವರು ಬರ್ತಾರೆ. ನನ್ನ ಬೇರೆ ಏರಿಯಾಗೆ ಹಾಕಿದಾರೆ. ಇನ್ನು ನಿಮಗೆ ಆ ಅನುಮಾನಾನೂ ಇರಲ್ಲ."

ಫೋನ್ ಇಟ್ಟ ಮೇಲೆ ಟೀಚರ್ ಇಂಗು ತಿಂದ ಮಂಗನಂತೆ ಕೂತಿದ್ದಳು. ಚಿಕ್ಕಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ ಪುಟ್ಟಿ. ಇದು ಬೇರೇದು" ಎಂದು ಒಳಗೆ ಹೋದಳು.

ಶುಕ್ರವಾರ ಬಂತು. ಸ್ಕ್ರೀನಿನಲ್ಲಿ ಹನ್ನೆರಡು ಮಕ್ಕಳ ಜೊತೆ ಹದಿಮೂರನೆಯದಾಗಿ ಕನ್ನಡಕದ ಗಂಭೀರ ಮುಖವೊಂದು. ಆದರೂ ಪಾಠ ಚೆನ್ನಾಗಿಯೇ ಹೊರಟಿತು. ಮುಕ್ಕಾಲಿನಲ್ಲಿ ಅರ್ಧ ಎಷ್ಟೆಂದು ಕೇಳಿದರೆ ಕೊನೆಯ ಬೆಂಚಿನಂಥ ಮಕ್ಕಳೂ ಕೈ ಎತ್ತಿದರು. ನಾಲ್ಕು ಇಪ್ಪತ್ತಕ್ಕೆ ಅವಳು ಲೆಕ್ಕ ಕೊಟ್ಟಳು. "ಐದು ನಿಮಿಷ."

ಕೆಳಗೆ ಬೈಕ್ ನಿಂತ ಸದ್ದಾಯಿತು. ಬೈಕುಗಳು ಸಾವಿರ ಇದ್ದರೂ ಅದು ಯಾವುದೆಂದು ಅವಳಿಗೆ ಗೊತ್ತು.

ಹೋಗಬಾರದು ಎಂದುಕೊಂಡಳು. ಇವತ್ತು ಬಿಟ್ಟರೆ ಇನ್ನಿಲ್ಲ ಎಂದೂ ಅನ್ನಿಸಿತು. ಕಾಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಾಲಿಗೆ ಹೋಗಿ ಕಿಟಕಿಯನ್ನು ಪೂರ್ತಿ ಗೋಡೆಗೆ ತಳ್ಳಿದಳು.

ಅವನು ಅಲ್ಲೇ ಇದ್ದ. ರಿಪೋರ್ಟ್ ಬರೆಯುತ್ತಿರಲಿಲ್ಲ. ಕತ್ತೆತ್ತಿ ಇದೇ ಕಿಟಕಿಯನ್ನು ನೋಡುತ್ತಿದ್ದ.

ಗಾಬರಿಯಾಗಿ ಹಿಂದೆ ಸರಿದಳು. ಪಕ್ಕದ ಶೆಲ್ಫಿನಲ್ಲಿ ಹೊಸ ಜಾಗದಲ್ಲಿ ಕೂತ ರೌಟರಿನ ದೀಪ ಕೆಂಪಾಗಿ ಮಿಟುಕುತ್ತಿತ್ತು. ಆಗ ಅವಳ ಕಣ್ಣು ದೀಪದಿಂದ ಹೊರಟ ತೆಳ್ಳನೆಯ ಬಿಳಿ ವೈರನ್ನು ಹಿಂಬಾಲಿಸಿತು. ಗೋಡೆಯ ಪೆಟ್ಟಿಗೆ, ಅಲ್ಲಿಂದ ಕಿಟಕಿಯ ಚೌಕಟ್ಟಿನ ತೂತು, ಅಲ್ಲಿಂದ ಹೊರಗೆ ಕಿಟಕಿಬಾಗಿಲಿನ ಕೀಲು. ಗೋಡೆಗೆ ತಾಗಿದ ಬಾಗಿಲಿನ ಹಿಂದೆ ವೈರು ಕತ್ತು ಹಿಸುಕಿದಂತೆ ಮಡಚಿಕೊಂಡಿತ್ತು.

"ಅಯ್ಯೋ ದೇವರೇ," ಎಂದಳು.

ಕಿಟಕಿ ಮುಚ್ಚಿದಳು. ಒಂದು ನಿಮಿಷ, ಎರಡು ನಿಮಿಷ. ಕೆಂಪು ಹೋಗಿ ಹಸಿರು ಬಂತು. ಓಡಿಹೋಗಿ ಕುರ್ಚಿಯಲ್ಲಿ ಬಿದ್ದು, ಕ್ಷಮೆ ಕೇಳಿ, ಲೆಕ್ಕ ಬಿಡಿಸತೊಡಗಿದಳು. ಕನ್ನಡಕದ ಮುಖ ಕೆಳಗೆ ಬಗ್ಗಿ ಏನೋ ಗುರುತು ಹಾಕಿಕೊಂಡಿತು. ಒಂದು ಸಲ ಹೋಗಿದೆ. ಇನ್ನೊಂದು ಸಲ ಹೋಗುವಂತಿಲ್ಲ.

ಕಂಪ್ಲೇಂಟ್ ಯಾರೂ ಕೊಟ್ಟಿರಲಿಲ್ಲ. ಆದರೂ ಬಾಗಿಲ ಬೆಲ್ ಹೊಡೆಯಿತು. ಚಿಕ್ಕಮ್ಮ ಎದ್ದು ಬಾಗಿಲು ತೆರೆದಳು. ಬೆವರಿ ಮುದ್ದೆಯಾಗಿ ನಿಂತವನನ್ನು ನೋಡಿ, "ಪಾಪ, ಗಾಳಿಗೆ ಕೂತ್ಕೊಳ್ಳಪ್ಪ" ಎನ್ನುತ್ತಾ ಎಂದೂ ಇಲ್ಲದ ಉದಾರತೆಯಿಂದ ಕಿಟಕಿಯ ಕಡೆ ನಡೆದಳು.

ಟೀಚರ್ ಮೈಕ್ ಆಫ್ ಮಾಡಿ ಕುರ್ಚಿಯಲ್ಲೇ ತಿರುಗಿದಳು. "ಕಿಟಕಿ! ತೆಗೀಬಾರದು! ಅದೇ... ಅದರಿಂದಾನೇ!"

ಅವನಿಗೆ ಅರ್ಥವಾಯಿತೋ ಇಲ್ಲವೋ, ಒಂದೇ ನೆಗೆತಕ್ಕೆ ಕಿಟಕಿಗೆ ಬೆನ್ನು ಕೊಟ್ಟು ನಿಂತ. ಕ್ಲಾಸ್ ಮುಗಿಯುವವರೆಗೆ, ಪೂರ್ತಿ ಅರ್ಧ ಗಂಟೆ, ಅಲ್ಲಿಂದ ಕದಲಲಿಲ್ಲ. ನೀರು ಕೊಟ್ಟರೆ ಅಲ್ಲೇ ನಿಂತು ಕುಡಿದ. ಪಾಠದ ನಡುವೆ ಅವಳು ಒಮ್ಮೆ ಕಣ್ಣಂಚಿನಲ್ಲಿ ನೋಡಿದರೆ ಅವನು ಬೆರಳು ಮಡಿಚಿ ಮಕ್ಕಳ ಲೆಕ್ಕವನ್ನು ತಾನೂ ಮಾಡುತ್ತಿದ್ದ.

ಐದಕ್ಕೆ ಮಕ್ಕಳು ಕೈಬೀಸಿ ಹೋದರು. ಕನ್ನಡಕದ ಮುಖ ಮೊದಲ ಸಲ ನಕ್ಕಿತು. "ಸೋಮವಾರದಿಂದ ಎರಡು ಕ್ಲಾಸ್ ತಗೊಳ್ತೀರಾ? ಲೈನ್ ಮಾತ್ರ ನೋಡ್ಕೊಳ್ಳಿ."

ಲ್ಯಾಪ್‌ಟಾಪ್ ಮುಚ್ಚಿದವಳ ಕಣ್ಣು ತುಂಬಿಬಂತು. ಎದ್ದು ಹಾಲಿಗೆ ಬಂದಳು. ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡಿ, ಹತ್ತಿಯನ್ನು ಮತ್ತೆ ಕಿವಿಗಿಟ್ಟುಕೊಂಡು ಕೋಣೆಗೆ ಹೋದಳು.

"ಕೆಲಸ ಸಿಕ್ತು," ಎಂದಳು. "ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟೆ. ನನ್ನದು ತಪ್ಪಾಯ್ತು."

"ನಾನೂ ಏನು ಕಮ್ಮಿ ಅನುಮಾನ ಪಟ್ನಾ? ಬಿಡಿ." ಅವನು ಕಿಟಕಿ ತೆಗೆದು, ಮುಚ್ಚಿ, ಮತ್ತೆ ತೆಗೆದು ದೀಪ ನೋಡಿದ. ಕೆಂಪು, ಹಸಿರು, ಕೆಂಪು. ತಲೆಗೆ ಕೈ ಹಚ್ಚಿಕೊಂಡ. "ನಾನು ಬಂದಾಗೆಲ್ಲಾ ಇದು ಮುಚ್ಚಿರ್ತಿತ್ತು! ಆದ್ರೆ ಮೇಡಂ, ಇದು ನೋಟ್‌ಬುಕ್ಕಲ್ಲಿ ಇಲ್ವಲ್ಲ? ಒಂದು ದಿನಾನೂ 'ಕಿಟಕಿ ತೆಗೆದೆ' ಅಂತ ಬರೆದಿಲ್ಲ."

"ಬರೆಯೋ ಹಾಗಿರಲಿಲ್ಲ."

"ಯಾಕೆ?"

"ಬರೆದ್ರೆ ಯಾಕೆ ತೆಗೆದೆ ಅಂತಾನೂ ಬರೀಬೇಕಿತ್ತು." ಅವಳು ತಲೆ ತಗ್ಗಿಸಲಿಲ್ಲ. ಇಷ್ಟು ದಿನ ಮುಚ್ಚಿಟ್ಟದ್ದು ಸಾಕಾಗಿತ್ತು. "ಅರ್ಧ ತೆಗೆದ್ರೆ ಕಂಬ ಕಾಣಲ್ಲ. ಪೂರ್ತಿ ತೆಗೆದ್ರೆ ನೀವು ಕಾಣ್ತೀರಿ. ದಿನಾ ನಿಮ್ಮನ್ನ ನೋಡೋಕೆ ತೆಗೀತಿದ್ದೆ. ಸಾಕಾ?"

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ. ಈ ಸಲ ಹೆಲ್ಮೆಟ್ ಇರಲಿಲ್ಲ, ಕಿವಿ ಕೆಂಪಾಗಿದ್ದು ಚೆನ್ನಾಗಿ ಕಂಡಿತು.

"ಆ ಕಂಬದ ಪೆಟ್ಟಿಗೆ ಇದ್ಯಲ್ಲ," ಎಂದ ನೆಲಕ್ಕೇ ಹೇಳುವಂತೆ, "ಅದನ್ನ ವಾರಕ್ಕೊಂದು ಸಲ ನೋಡಿದ್ರೆ ಸಾಕು."

"ಮತ್ತೆ ದಿನಾ?"

"ರಿಪೋರ್ಟ್ ಎಲ್ಲಿ ಕೂತು ಬರೆದ್ರೂ ನಡೆಯುತ್ತೆ. ಕನೆಕ್ಷನ್ ಕೊಡೋಕೆ ಮೊದಲನೇ ಸಲ ಇಲ್ಲಿಗೆ ಬಂದು ಹೋದ ಮೇಲೆ ಅಲ್ಲಿ ಬರೆಯೋಕೆ ಶುರು ಮಾಡ್ದೆ. ನಾಲ್ಕು ಇಪ್ಪತ್ತಕ್ಕೆ ಈ ಕಿಟಕಿ ತೆಗೆಯುತ್ತೆ ಅಂತ ಗೊತ್ತಾಯ್ತು. ನೀವು ಯಾರನ್ನ ನೋಡ್ತೀರಿ ಅಂತ ಮಾತ್ರ ಗೊತ್ತಾಗಲಿಲ್ಲ. ಆ ಕಡೆ ಬೇಕರಿಯವನು ಇದಾನೆ, ನೋಡೋಕೂ ಚೆನ್ನಾಗಿದಾನೆ..."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣೀರು ಕೆನ್ನೆಗಿಳಿಯಿತು. ಅವನು ಕಕ್ಕಾಬಿಕ್ಕಿಯಾಗಿ ಮೊದಲು ಕರವಸ್ತ್ರ ಹುಡುಕಿದ. ಜೇಬಿನಲ್ಲಿ ಸಿಕ್ಕಿದ್ದು ಮೀಟರ್ ಒರೆಸುವ ಬಟ್ಟೆ. ಅದನ್ನೇ ಕೊಟ್ಟ. ಅವಳು ಅದನ್ನೇ ತೆಗೆದುಕೊಂಡಳು.

ವೈರನ್ನು ಕೀಲಿನಿಂದ ಬಿಡಿಸಿ, ಮೇಲುಗಡೆಯಿಂದ ಸುತ್ತಿಸಿ ತಂದು, ಮೊಳೆ ಹೊಡೆದು ಕೂರಿಸಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಹತ್ತು ನಿಮಿಷದ ಕೆಲಸ ಅದು. ಕೊನೆಗೆ ಕಿಟಕಿಯನ್ನು ಪೂರ್ತಿ ಗೋಡೆಗೆ ತಳ್ಳಿದ. ಧೂಳಿನ ಜೊತೆ ಸಂಜೆ ಬಿಸಿಲೂ ಒಳಗೆ ಬಂತು. ದೀಪ ಹಸಿರಾಗಿಯೇ ಇತ್ತು.

"ಇನ್ನು ಎಷ್ಟು ಬೇಕಾದ್ರೂ ತೆಗೀಬಹುದು," ಎಂದ.

"ತೆಗೆದು ಏನು ಮಾಡ್ಲಿ? ಸೋಮವಾರದಿಂದ ಅಲ್ಲಿ ಬೇರೆಯವರು ಬರ್ತಾರಂತಲ್ಲ."

ಅವನು ಚೀಲದ ಜಿಪ್ ಎಳೆದ, ಹೆಲ್ಮೆಟ್ ಎತ್ತಿಕೊಂಡ, ಬಾಗಿಲವರೆಗೆ ಹೋದ. ಅಲ್ಲಿ ನಿಂತು ತಿರುಗಿದ.

"ಪೆಟ್ಟಿಗೆಗೆ ಬೇರೆಯವರು ಬರ್ತಾರೆ," ಎಂದ. "ನಾನು ಇನ್ನು ಮೇಲೆ ಬಾಗಿಲಿಗೇ ಬರ್ತೀನಿ. ಲೈನ್ ಚೆನ್ನಾಗಿದ್ರೂ."